ಕೂಗಿ ಹೇಳಿದ ಮತ

ನನ್ನ ಗಂಡ ಯೋನಸ್ ಫ್ಲೋರಿ ಪೀಪಾಯಿ ಮಾಡುತ್ತಿದ್ದ. ಬಂದೂಕು ಹಿಡಿಯಲಾರೆ ಎಂದು ಯುದ್ಧದ ಕಾಲದಲ್ಲಿ ಜೈಲು ಕಂಡು ಬಂದವನು ಎಂದು ಈ ಕಣಿವೆಯವರೆಲ್ಲ ಅವನನ್ನು ಹೊಗಳುತ್ತಾರೆ. ನಾನು ಹೇಳುವುದು ಅದಕ್ಕೂ ಮುಂಚಿನ ಮಾತು.

ಅವನಿಗೆ ಸುಳ್ಳು ಬರುತ್ತಿರಲಿಲ್ಲ. ಮರ ಹೇಗಿದೆ ಎಂದು ಗಿರಾಕಿ ಕೇಳಿದರೆ, "ಪರ್ವಾಗಿಲ್ಲ, ಹೋದ್ವರ್ಷದ್ದು ಇನ್ನೂ ಚೆನ್ನಾಗಿತ್ತು" ಎಂದುಬಿಡುವನು. ಇಂಥವನನ್ನು ಕಟ್ಟಿಕೊಂಡು ಬಾಳುವುದು ಹುಡುಗಾಟವಲ್ಲ.

ನಮ್ಮ ಕ್ರೈಸ್ತ ಸಭೆಯವರು ಬಂದೂಕು ಹಿಡಿಯುವವರಲ್ಲ, ಗುಲಾಮರನ್ನು ಇಟ್ಟುಕೊಳ್ಳುವವರಲ್ಲ, ಆಣೆ ಇಡುವವರೂ ಅಲ್ಲ. ಹೌದೆಂದರೆ ಹೌದು, ಅಷ್ಟೇ. 1861ರ ವಸಂತದಲ್ಲಿ ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳು ಒಂದೊಂದಾಗಿ ಅಮೆರಿಕದ ಒಕ್ಕೂಟ ಬಿಡುತ್ತಿದ್ದವು. ನಮ್ಮ ವರ್ಜೀನಿಯಾ ಬಿಡಬೇಕೋ ಬೇಡವೋ ಎಂದು ಗಂಡಸರ ಮತ ಕೇಳಿದರು. ಬಿಟ್ಟರೆ ಯುದ್ಧ ಖಂಡಿತ. ಚೀಟಿ, ಪೆಟ್ಟಿಗೆ ಯಾವುದೂ ಇಲ್ಲ. ಕೋರ್ಟಿನ ಜಗಲಿ ಹತ್ತಿ ಊರಿಗೆಲ್ಲ ಕೇಳುವಂತೆ ಕೂಗಬೇಕು.

ಅಂದು ಜಗಲಿಯ ತೊಲೆಯಿಂದ ನೇಣಿನ ಹಗ್ಗ ಇಳಿಬಿಟ್ಟಿದ್ದರು. ಬಂದೂಕಿನವನೊಬ್ಬ ನಗುತ್ತ, "ಗಡ್ಡದ ಮಾವಾ, ಗಟ್ಟಿಯಾಗಿ ಹೇಳಪ್ಪ! ಉಳೀತೀನಿ ಅಂದ್ರೆ ಇಲ್ಲೇ ಉಳಿಸ್ಕೋತೀವಿ" ಎಂದು ಹಗ್ಗ ಅಲ್ಲಾಡಿಸಿದ. ಯೋನಸ್ ತಿರುಗಿ ನೋಡಿದ. ನಾನು ಗಾಡಿಯಲ್ಲಿ ಮಕ್ಕಳನ್ನು ಅವಚಿಕೊಂಡು ಕೂತಿದ್ದೆ.

"ಒಕ್ಕೂಟ ಬಿಟ್ಟು ಹೋಗೋಣ" ಎಂದು ಕೂಗಿದ. ಜನ ಟೋಪಿ ಹಾರಿಸಿದರು.

ಮನೆಗೆ ಬಂದವನು ಊಟ ಮುಟ್ಟಲಿಲ್ಲ.

"ಜೀವ ಉಳೀತಲ್ಲ, ಬಿಡು" ಎಂದೆ.

"ಯುದ್ಧ ಬೇಕು ಅಂತ ಕೂಗಿ ಬಂದಿದೀನಿ, ಕ್ರಿಸ್ಟೀನಾ. ನಾಳೆ ಬೀಳೋ ಹೆಣದಲ್ಲಿ ನನ್ನ ಪಾಲೂ ಇದೆ."

ಮುಂದಿನ ವಾರ ಸಭೆಯ ಪ್ರೀತಿಯೂಟ. ಸಾರು ಬಡಿಸುವ ಮೊದಲು, ಯೇಸು ಶಿಷ್ಯರ ಕಾಲು ತೊಳೆದ ಹಾಗೆ, ಒಬ್ಬರ ಕಾಲನ್ನೊಬ್ಬರು ತೊಳೆಯಬೇಕು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮನಸ್ಸಿನಲ್ಲಿ ಕಲ್ಮಷ ಇಟ್ಟುಕೊಂಡವನು ನೀರಿನ ಬೋಗುಣಿ ಮುಟ್ಟುವಂತಿಲ್ಲ.

ಯೋನಸ್ ಎದ್ದು ನಿಂತ. "ನನ್ನ ಕಾಲು ಯಾರೂ ತೊಳೀಬೇಡಿ. ಹೆದರ್ಕೊಂಡು ಸುಳ್ಳು ಹೇಳ್ದೆ. ನನ್ನನ್ನ ಸಭೆಯಿಂದ ತೆಗೆದ್ಹಾಕಿ."

ಸಭೆ ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಸಭೆಯ ಹಿರಿಯ ಮಾರ್ಟಿನ್ ತೀರ್ಪು ಹೇಳಬೇಕಿತ್ತು. ಆ ಮುದುಕ ತಾನೂ ಎದ್ದು ನಿಂತು, "ನಾನೂ ಅದನ್ನೇ ಕೂಗ್ದೆ, ಯೋನಸ್" ಎಂದ. ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಎದ್ದ. ಮತ್ತೊಬ್ಬ ಎದ್ದ. ಕೊನೆಗೆ ಕೂತ ಗಂಡಸೇ ಉಳಿಯಲಿಲ್ಲ. ಬೋಗುಣಿ ಎತ್ತುವವರಿಲ್ಲದೆ ನೀರು ಆರುತ್ತಿತ್ತು.

ನನಗೆ ಸಿಟ್ಟು ಬಂತು. ಎದ್ದು ಹೋಗಿ ಬೋಗುಣಿ ಎತ್ತಿಕೊಂಡೆ.

"ಹೆಂಗಸ್ರು ಈ ಕಡೆ ಬರೋ ಹಾಗಿಲ್ಲ, ತಂಗಿ" ಎಂದ ಮಾರ್ಟಿನ್.

"ನನ್ನನ್ನ ಯಾರೂ ಮತ ಕೇಳ್ಲಿಲ್ಲ, ಅಣ್ಣಾ. ಇಲ್ಲಿ ಆ ಸುಳ್ಳು ಹೇಳ್ದೆ ಉಳ್ದಿರೋರು ನಾವು ಹೆಂಗಸ್ರೇ."

ಗಂಡನ ಮುಂದೆ ಮಂಡಿಯೂರಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ನಿನ್ನನ್ನ ಕೇಳಿದ್ದಿದ್ರೆ ಏನಂತಿದ್ದೆ?" ಎಂದ ಮೆಲ್ಲಗೆ.

ಏನಾದರೂ ಒಳ್ಳೆಯ ಮಾತು ಹೇಳಬಹುದಿತ್ತು. ಗಾಡಿಯಲ್ಲಿ ನನ್ನ ತೋಳಿನೊಳಗೆ ನಡುಗುತ್ತಿದ್ದ ಮಕ್ಕಳು ನೆನಪಾದರು.

"ನೀನಂದಿದ್ದನ್ನೇ ಅಂತಿದ್ದೆ" ಎಂದೆ. "ಇನ್ನೂ ಗಟ್ಟಿಯಾಗಿ."

ಅವನು ಕಾಲು ಮುಂದಕ್ಕೆ ಚಾಚಿದ.