ಬಯಲಲ್ಲಿ ಸಿಕ್ಕ ಲೈಸೆನ್ಸು

ಮೆಟ್ಟೂರಿನ ಅಣೆಕಟ್ಟು ಎದ್ದು ಒಂದೆರಡು ವರ್ಷವಾಗಿತ್ತು. ಅಲ್ಲಿ ಕಲ್ಲು ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿದ್ದ ನಲ್ಲಂಪಳ್ಳಿಯ ಸಣ್ಣಯ್ಯ ಕೆಲಸ ಮುಗಿದ ಮೇಲೆ ಧರ್ಮಪುರಿಗೆ ಬಂದು ನಾರಾಯಣಪ್ಪನವರ ಬಸ್ಸಿಗೆ ಸೇರಿಕೊಂಡ. ಬಸ್ಸು ತೊಳೆಯುತ್ತ, ಎಂಜಿನ್ ಎಬ್ಬಿಸಲು ಹ್ಯಾಂಡಲ್ ತಿರುಗಿಸುತ್ತ, ಹಳೇ ಡ್ರೈವರ್ ಅಣ್ಣಾಮಲೈಯ ಪಕ್ಕ ನಿಂತು ನೋಡುತ್ತಲೇ ಓಡಿಸುವುದನ್ನು ಕಲಿತ. ಒಂದು ದಿನ ಲೈಸೆನ್ಸಿಗೆಂದು ಸೇಲಂಗೆ ಹೋದ.

ಅಲ್ಲಿ ಪೊಲೀಸ್ ಮೈದಾನ ಒರೆಸಿಟ್ಟ ಹಲಗೆಯ ಹಾಗೆ ಸಪಾಟಾಗಿತ್ತು. ಸಾರ್ಜೆಂಟು ಪಕ್ಕದಲ್ಲಿ ಕೂತು, ಎಂಟರ ಆಕಾರದಲ್ಲಿ ಸುತ್ತು ಅಂದ. ಎರಡು ಡ್ರಮ್ಮಿನ ನಡುವೆ ಹಿಂದಕ್ಕೆ ತಗೋ ಅಂದ. ಕೈ ಹೊರಗೆ ಚಾಚಿ ಸಿಗ್ನಲ್ ತೋರಿಸು ಅಂದ. ಅವನು ಹಚ್ಚಿದ ಸಿಗರೇಟು ಮುಗಿಯುವ ಮೊದಲೇ ಪರೀಕ್ಷೆ ಮುಗಿದಿತ್ತು. "ಪಾಸ್" ಅಂದು ಇಳಿದು ಹೋದ. ಸಣ್ಣಯ್ಯ ಹಿಗ್ಗಿಹೋದ. ಮನೆಯಲ್ಲಿ ತಾಯಿ ಮುತ್ಯಾಲಮ್ಮ ದೃಷ್ಟಿ ತೆಗೆದಳು.

ಆಮೇಲೆ ಕೆಲವು ತಿಂಗಳು ಪಾಲಕೋಡು, ಮಾರಂಡಹಳ್ಳಿ ಕಡೆ ಓಡಿಸಿದ. ಅತ್ತ ರಾಗಿ ಹೊಲಗಳ ನಡುವೆ ಹೋಗುವ ದಾರಿ; ಎಮ್ಮೆ ಅಡ್ಡ ಬಂದರೆ ಹಾರನ್ನಿನ ರಬ್ಬರು ಹಿಸುಕಿದರೆ ಸಾಕು. ತನಗೆ ಇನ್ನೇನೂ ಕಲಿಯಲಿಕ್ಕೆ ಉಳಿದಿಲ್ಲ ಅಂತಲೇ ಅವನು ತಿಳಿದಿದ್ದ.

ಹಾಗಿರುವಾಗ ಅಣ್ಣಾಮಲೈಗೆ ಜ್ವರ ಬಂತು. ಸೇಲಂ ಬಸ್ಸು ನೀನೇ ತಗೊಂಡು ಹೋಗು ಅಂದರು ನಾರಾಯಣಪ್ಪ. ಸಣ್ಣಯ್ಯ ಅಣ್ಣಾಮಲೈಯ ಮನೆಗೆ ಹೋದ. ಕಂಬಳಿ ಹೊದ್ದು ಮಲಗಿದ್ದ ಅಣ್ಣಾಮಲೈ, "ಭಯಪ್ಪಡಾದೆ ತಂಬಿ, ಹೆದರಬ್ಯಾಡ. ಕಣಿವೇಲಿ ಒಂದ್ನೇ ಗೇರು ಬಿಡಬ್ಯಾಡ. ಬ್ರೇಕು ನಂಬಬ್ಯಾಡ" ಅಂದ. ಅಷ್ಟು ಹೇಳುವುದರಲ್ಲೇ ಅವನಿಗೆ ಚಳಿ ಏರಿತು.

ತೊಪ್ಪೂರು ಕಣಿವೆಯನ್ನು ಸಣ್ಣಯ್ಯ ನೋಡದವನಲ್ಲ. ಅಪ್ಪನ ಎತ್ತಿನ ಗಾಡಿಯಲ್ಲೂ, ಅಣ್ಣಾಮಲೈಯ ಪಕ್ಕದಲ್ಲೂ ಎಷ್ಟೋ ಸಲ ಇಳಿದಿದ್ದ. ಆದರೆ ಆವತ್ತು ತಾನೇ ಸ್ಟೀರಿಂಗ್ ಹಿಡಿದು ನೆತ್ತಿಗೆ ಬಂದಾಗ ಕಂಡದ್ದು ಬೇರೆಯೇ ಕಣಿವೆ. ಬೆಳಿಗ್ಗೆ ಮಳೆ ಬಂದು ಹೋಗಿತ್ತು. ಎರಡೂ ಕಡೆ ಗುಡ್ಡಗಳು ಮೋಡ ಹೊದ್ದು ನಿಂತಿದ್ದವು. ನಡುವೆ ದಾರಿ ಒಮ್ಮೆ ಕಂಡು, ಒಮ್ಮೆ ಮರೆಯಾಗಿ, ಕೆಳಗೆ ಕೆಳಗೆ ಜಾರಿಕೊಂಡು ಹೋಗಿತ್ತು. ಇಷ್ಟು ದೊಡ್ಡದರ ಮುಂದೆ ತಾನೂ ತನ್ನ ಬಸ್ಸೂ ಯಾವ ಲೆಕ್ಕ ಅನ್ನಿಸಿತು. ಎತ್ತಾದರೆ ಇಳಿಜಾರು ಕಂಡು ತಾನೇ ಕಾಲು ಊರುತ್ತದೆ. ಈ ಕಬ್ಬಿಣಕ್ಕೆ ಯಾರು ಹೇಳಬೇಕು?

ಅವನು ಬಸ್ಸು ನಿಲ್ಲಿಸಿ ಇಳಿದ.

"ಏನಾಯ್ತಲಾ?" ಅಂದ ಕಂಡಕ್ಟರ್.

ಸಣ್ಣಯ್ಯ ಜನರ ಕಡೆ ತಿರುಗಿ ಕೈ ಮುಗಿದ. "ಸ್ವಾಮಿ, ನಾನು ಪಾಸಾಗಿರೋದು ಬಯಲಲ್ಲಿ. ಈ ಕಣಿವೆ ಒಂದ್ ಕಿತವೂ ನಾನಾಗಿ ಇಳಿಸಿಲ್ಲ. ನೀವೆಲ್ಲ ಇಳಿದು ನಡ್ಕೊಂಡ್ ಬನ್ನಿ. ಬರೀ ಬಸ್ಸು ನಾನು ಇಳಿಸ್ತೀನಿ."

ಬಸ್ಸಿನಲ್ಲಿ ಗಲಾಟೆಯೆದ್ದಿತು. ಕಾಸು ಕೊಟ್ಟು ನಡೀಬೇಕಾ ಅಂತ ಒಬ್ಬ ಕೂಗಾಡಿದ. ಎಲ್ಲಪ್ಪ ಅಂತ ಒಬ್ಬ ಮುದುಕ, ಗಾಡಿ ಹೊಡೆದು ಸವೆದವನು, ಸಣ್ಣಯ್ಯನ ಮುಖವನ್ನೇ ನೋಡುತ್ತಿದ್ದ. "ಸುಮ್ಕಿರ್ರಪ್ಪ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಏಳಿದ ಡ್ರೈವರ್ ನಾನು ಕಂಡಿಲ್ಲ" ಅಂದು ಮೊದಲು ಇಳಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ಇಳಿಯದೆ ಉಳಿದವಳು ರಾಮಕ್ಕ ಅನ್ನುವ ಮುದುಕಿ ಒಬ್ಬಳೇ. ಹುಣಸೆಹಣ್ಣಿನ ಬುಟ್ಟಿ ಇಟ್ಟುಕೊಂಡು ಸೇಲಂ ಸಂತೆಗೆ ಹೊರಟಿದ್ದಳು.

"ನೀನೂ ಇಳಿಯವ್ವ" ಅಂದ ಸಣ್ಣಯ್ಯ.

"ನನ್ ಮಂಡಿ ಓಗೈತೆ ಮಗಾ, ನಡೆಯಾಕಾಗಲ್ಲ. ನಿನ್ ಪಾಡಿಗೆ ನೀನು ಇಳಿಸು, ನಾನು ಕೂತಿರ್ತೀನಿ" ಅಂದು ಅವಳು ಎಲೆ ಅಡಿಕೆ ಚೀಲ ಬಿಚ್ಚಿದಳು.

ಹೋದರೆ ತನ್ನ ಜೀವ ಒಂದೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದ ಸಣ್ಣಯ್ಯನ ಲೆಕ್ಕಕ್ಕೆ ಇನ್ನೊಂದು ಜೀವ ಸೇರಿತು. ಒಂದನೇ ಗೇರಿಗೆ ಹಾಕಿ, ಆಮೆಯ ಹಾಗೆ ಇಳಿಸತೊಡಗಿದ. ಎಂಜಿನ್ನು ಹೂಂಕರಿಸುತ್ತ ಬಸ್ಸನ್ನು ಹಿಂದಕ್ಕೆ ಜಗ್ಗಿ ಹಿಡಿದಂತಿತ್ತು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಾಚೆ ನೋಡಿದವನು ಬೆರಗಾದ. ಬಸ್ಸಿನ ಎರಡೂ ಪಕ್ಕದಲ್ಲಿ ಗಂಡಸರು ನಡೆದು ಬರುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಚಕ್ರಕ್ಕೆ ಅಡ್ಡ ಕೊಡಲು ಒಂದೊಂದು ಕಲ್ಲು. ಮುಂದೆ ಎಲ್ಲಪ್ಪ. ಕೂಗಾಡಿದವನು ಎಲ್ಲರಿಗಿಂತ ದೊಡ್ಡ ಕಲ್ಲು ಎತ್ತಿಕೊಂಡಿದ್ದ. ಇವನು ಯಾರನ್ನೂ ಕೇಳಿರಲಿಲ್ಲ.

ಎರಡನೇ ತಿರುವಿನಲ್ಲಿ ಚಕ್ರ ಗುಂಡಿಗೆ ಬಿದ್ದು ಎದ್ದಿತು, ಗೇರು ಕಳಚಿತು. ಎಂಜಿನ್ನಿನ ಹೂಂಕಾರ ಒಮ್ಮೆಲೇ ಇಳಿದು ಬಸ್ಸು ತನ್ನಷ್ಟಕ್ಕೆ ಓಡತೊಡಗಿತು. ಸಣ್ಣಯ್ಯ ಬ್ರೇಕಿನ ಮೇಲೆ ಎದ್ದು ನಿಂತ. ಕೈ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದ. ಸುಟ್ಟ ವಾಸನೆ ಬಂತು, ಬಸ್ಸು ನಿಲ್ಲಲಿಲ್ಲ.

"ಕಲ್ಲು! ಕಲ್ಲು!" ಅಂತ ಕೂಗು ಕೇಳಿತು. ಮೊದಲ ಕಲ್ಲನ್ನು ಹತ್ತಿ ದಾಟಿತು ಚಕ್ರ. ಎರಡನೆಯದೂ ಸಿಡಿದು ಕಮರಿಗೆ ಹೋಯಿತು. ಮೂರನೆಯದಕ್ಕೆ, ಆ ದೊಡ್ಡದಕ್ಕೆ, ತಾಗಿ ಬಸ್ಸು ಓಲಾಡಿ ನಿಂತಿತು. ಮುಂದಿನ ಚಕ್ರದಾಚೆ ಒಂದು ಮೊಳ ಮಣ್ಣು; ಅದರಾಚೆ ಬರೀ ಗಾಳಿ. ಕೆಳಗೆಲ್ಲೋ ಹಳ್ಳದ ನೀರು ಹರಿಯುವುದು ಕೇಳುತ್ತಿತ್ತು.

ಹಿಂದಿನಿಂದ ರಾಮಕ್ಕ, "ಉಣಸೆಅಣ್ಣೆಲ್ಲ ಚೆಲ್ಲೋಯ್ತಲ್ಲಪ್ಪ" ಅಂದಳು.

"ಅವ್ವಾ, ಈಗ್ಲಾದ್ರೂ ಇಳಿ. ಇವ್ರು ನಿನ್ನ ಎತ್ಕಂಡ್ ಓಯ್ತಾರೆ" ಅಂದ ಸಣ್ಣಯ್ಯ.

"ಈಗ ನಿನ್ನ ಒಬ್ಬನ್ನೇ ಬುಟ್ಟು ಇಳೀಲಾ? ನಡಿ ಮಗಾ."

ಸಣ್ಣಯ್ಯ ಕಣ್ಣೊರೆಸಿಕೊಂಡ. ಜನ ಬಸ್ಸನ್ನು ಹಿಂದಕ್ಕೆ ತಳ್ಳಿ ದಾರಿಗೆ ತಂದರು. ಈ ಸಲ ಅವನು ಗೇರಿನ ಕಡ್ಡಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದೇ ಇಳಿಸಿದ. ಒಂದೊಂದು ತಿರುವಿಗೂ ಎಲ್ಲಪ್ಪ "ಮೆಲ್ಲ, ಮೆಲ್ಲಗೆ" ಅಂತ ಎತ್ತಿಗೆ ಹೇಳುವಂತೆ ಹೇಳುತ್ತಿದ್ದ. ಕಣಿವೆ ಮುಗಿದು ಬಯಲು ಸಿಕ್ಕಾಗ ಕಲ್ಲು ಬಿಸಾಡಿದ ಜನ ಇಳಿದು ಬಂದ ಗುಡ್ಡವನ್ನೇ ತಿರುಗಿ ನೋಡುತ್ತ ನಿಂತರು. ಸಣ್ಣಯ್ಯ ಮೆಟ್ಟಿಲಲ್ಲೇ ಕೂತು ರಾಮಕ್ಕನ ಪಾದ ಮುಟ್ಟಿದ.

ಸೇಲಂಗೆ ಹೋದ ಬಸ್ಸು ವಾಪಸಾಗುವ ಮೊದಲೇ ಸುದ್ದಿ ಧರ್ಮಪುರಿ ಸೇರಿತ್ತು. ನಾರಾಯಣಪ್ಪ ಬಾಯಿಗೆ ಬಂದಂತೆ ಬೈದರು. "ಲೈಸೆನ್ಸು ಇಟ್ಕೊಂಡು ಜನರನ್ನ ನಡೆಸ್ತೀಯಾ?"

"ಸಾರ್ಜೆಂಟು ಕಣಿವೆ ಕೇಳ್ಲಿಲ್ಲ ಸ್ವಾಮಿ. ಕೇಳಿದ್ರೆ ಅವತ್ತೇ ಪೇಲಾಗ್ತಿದ್ದೆ."

ಅಣ್ಣಾಮಲೈಯ ಜ್ವರ ಬಿಟ್ಟ ಮೇಲೆ, ಇಬ್ಬರೂ ಖಾಲಿ ಬಸ್ಸು ತಗೊಂಡು ಕಣಿವೆಗೆ ಹೋಗಿ ಬನ್ನಿ, ಪೆಟ್ರೋಲು ನನ್ನದು ಅಂದರು ನಾರಾಯಣಪ್ಪ. ಸಣ್ಣಯ್ಯ ಮಳೆಯಲ್ಲೂ ಬಿಸಿಲಲ್ಲೂ ಹತ್ತಿಳಿದು ಕಲಿತ.

ಆಮೇಲೆ ಆ ದಾರಿಯಲ್ಲಿ ಅವನು ತಲೆ ನರೆಯುವವರೆಗೂ ಬಸ್ಸು ಓಡಿಸಿದ. ಆದರೂ ನೆತ್ತಿಗೆ ಬಂದಾಗೆಲ್ಲ ಅವನ ಮಾತು ನಿಲ್ಲುತ್ತಿತ್ತು. ಪಕ್ಕದಲ್ಲಿ ಕೂತವರು ಏನು ಕೇಳಿದರೂ, ಕೆಳಗಿನ ಬಯಲು ಸಿಗುವ ತನಕ ಅವನು ಉತ್ತರ ಕೊಟ್ಟವನಲ್ಲ.