ನೆಟ್ಟು ಹೊಕ್ಕ ದೇವರ ಕೋಲಿ

ಸಿದ್ದಲಿಂಗವ್ವನಿಗೆ ಹೇಸಿಗೆಯಾಗದ ವಸ್ತು ಯಾವುದಿದೆ ಎಂದು ಬೆಟಗೇರಿಯ ಹಳೇ ಪೇಟೆಯಲ್ಲಿ ಕೇಳಿದರೆ ಜನ ತುಸು ಹೊತ್ತು ಯೋಚಿಸಿ "ವಿಭೂತಿ" ಎನ್ನುತ್ತಾರೆ. ಅಂಗಡಿಯಿಂದ ಬಂದ ಹುಣಸೆಹಣ್ಣನ್ನು ತೊಳೆದೇ ಡಬ್ಬಿಗೆ ತುಂಬುವವಳು ಆಕೆ. ಬೆಲ್ಲವನ್ನೂ ತೊಳೆಯಲು ಹೋಗಿ ಅರ್ಧ ಹೆಂಟೆ ಬಚ್ಚಲಿಗೆ ಹರಿದು ಹೋದ ಮೇಲೆ ಅದೊಂದನ್ನು ಬಿಟ್ಟಳು. ತವರುಮನೆ ಮುಂಡರಗಿಯಿಂದ ಬಸ್ಸಿನಲ್ಲಿ ಬಂದ ದಿನ ಉಟ್ಟ ಸೀರೆ ಮೊದಲು ಬಕೆಟ್ಟಿಗೆ, ಆಮೇಲೆ ಆಕೆ ಅಡುಗೆಮನೆಗೆ. ಹೋಟೆಲಿನ ಚಹಾ ಮುಟ್ಟಿದವಳಲ್ಲ. ಎಂಜಲು ಕಪ್ಪುಗಳನ್ನು ಅದ್ದಿ ತೆಗೆಯುವ ನೀರನ್ನು ಒಂದು ಸಲ ಬಗ್ಗಿ ನೋಡಿದ್ದಳು, ಅಷ್ಟೇ ಸಾಕಾಯಿತು.

ಇಂಥವಳನ್ನು ತಂದು ಕೂಡು ಕುಟುಂಬಕ್ಕೆ ಹಿರಿಯ ಸೊಸೆ ಮಾಡಿದ್ದರು. ಮನೆ ತುಂಬ ಮಂದಿ, ಎಲ್ಲರಿಗೂ ಒಂದು ಬಚ್ಚಲು, ಒಂದು ಟವೆಲ್ಲು, ಹಲ್ಲು ಮುರಿದ ಒಂದು ಹಣಿಗೆ. ಮಾವ ಕುಡಿದಿಟ್ಟ ತಂಬಿಗೆಯಲ್ಲೇ ಮೈದುನ ಕುಡಿಯುತ್ತಿದ್ದ, ಮೈದುನ ಒರೆಸಿಕೊಂಡ ಟವೆಲ್ಲಿನಲ್ಲೇ ಗಂಡ ಒರೆಸಿಕೊಳ್ಳುತ್ತಿದ್ದ. ಅದನ್ನೆಲ್ಲ ನೋಡುತ್ತ ಆಕೆ ಬಾಳಿದಳು. ಬಾಳಲು ಸಾಧ್ಯವಾದದ್ದು ದೇವರ ಕೋಲಿಯಿಂದ. ಮನೆಯ ನಟ್ಟನಡುವೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ, ಎತ್ತರದ ಗೂಡಿನಲ್ಲಿ ವೀರಭದ್ರನ ಬೆಳ್ಳಿಯ ಮುಖ, ಅದರ ಕೆಳಗೆ ಜಗಲಿ, ಒಂದು ಎಣ್ಣೆದೀಪ. ನಸುಕಿನಲ್ಲಿ ಮಿಂದು ಒಳಹೊಕ್ಕು ಬಾಗಿಲು ಮುಂದೆ ಮಾಡಿಕೊಂಡರೆ "ಚಹಾ ಆತೇನು" ಎಂದು ಯಾರೂ ಹಿಂದೆ ಬರುತ್ತಿರಲಿಲ್ಲ. ದೇವರ ಭಯದಿಂದಲ್ಲ. ಒಳಗೆ ಬಂದರೆ ಸ್ನಾನ ಮಾಡಿ ಬರಬೇಕಾಗುತ್ತದೆ ಎಂದು. ಇಡೀ ದಿನದಲ್ಲಿ ಯಾರ ಕೈಯೂ ಮುಟ್ಟದ, ಯಾರ ಬಾಯಿಯೂ ತಾಕದ ಆ ಒಂದು ಗಳಿಗೆ ಅವಳದು.

ಮಾವ ತೀರಿದ ಮೇಲೆ ಆಕೆಯ ಗಂಡ ಚನ್ನಬಸವಣ್ಣ ಮತ್ತು ಮೈದುನ ವೀರು ಪಾಲಾದರು. ಒಂದೇ ಛಾವಣಿಯ ಕೆಳಗೆ ಗೋಡೆ ಎದ್ದಿತು. ಮೆಣಸಿನಕಾಯಿ ವ್ಯಾಪಾರ ಎರಡಾಯಿತು. ಒರಳು ಅಣ್ಣನಿಗೆ ಬಂತು, ಒನಕೆ ತಮ್ಮನಿಗೆ ಹೋಯಿತು. ಇಬ್ಬರೂ ಆಮೇಲೆ ಮಿಕ್ಸಿ ಕೊಂಡರು. ದೇವರನ್ನು ಮಾತ್ರ ಹರಿದು ಹಂಚಲಾಗದು ಎಂದು ಓಣಿಯ ದೈವದ ಹಿರಿಯರು ಆ ಕೋಲಿಯನ್ನು ಎರಡೂ ಮನೆಗೆ ಕೂಡಿಸಿ ಬಿಟ್ಟು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಪೂಜೆಯ ಪಾಳಿ ಹಾಕಿಕೊಟ್ಟರು. ಯಾರ ಪಾಳಿಯೋ ಅವರ ಕೈಯಲ್ಲಿ ಕೀಲಿಕೈ. ಹೇಳಲಿಕ್ಕೆ ಪಾಳಿ ಇಬ್ಬರದು. ಗಂಡನ ಪಾಳಿಯಲ್ಲಿ ಗಂಡನಿಗೆ ಟೊಂಕ ಹಿಡಿಯುತ್ತಿತ್ತು, ಮೈದುನನ ಪಾಳಿಯಲ್ಲಿ ಅವನಿಗೆ ನೆಗಡಿ. ಹೀಗಾಗಿ ಕೀಲಿಕೈ ಸಿದ್ದಲಿಂಗವ್ವನ ಸೊಂಟ ಬಿಟ್ಟು ಕದಲಿದ್ದೇ ಇಲ್ಲ, ಆಕೆಗೆ ಬೇಕಾದದ್ದೂ ಅದೇ.

ಆಮೇಲೆ ನೆಟ್ಟು ಬಂತು.

ಮಾರುಕಟ್ಟೆಯ ಟೆಂಡರಿಗೆ ಧಾರಣೆಯನ್ನು ಕಂಪ್ಯೂಟರಿನಲ್ಲೇ ಬರೆಯುವ ಪದ್ಧತಿ ಆದದ್ದರಿಂದ ಅಣ್ಣನೊಂದು ತಂದ, ತಮ್ಮನೊಂದು ತಂದ. ವೀರುವಿನ ಹೆಂಡತಿ ಸುನಿತಾ ಗದಗಿನ ಪ್ರೆಸ್ಸುಗಳಿಗೆ ಲಗ್ನಪತ್ರಿಕೆ ಜೋಡಿಸಿ ಕಳಿಸುವ ಕೆಲಸ ಹಿಡಿದಿದ್ದಳು, ಅವಳದೊಂದು. ಸಿದ್ದಲಿಂಗವ್ವನ ಮಗಳು ಸುಶ್ಮಿತಾಳ ಕಾಲೇಜಿನ ಲ್ಯಾಪ್‌ಟಾಪು ಬೇರೆ. ಇಷ್ಟಕ್ಕೂ ಸೇರಿ ಕನೆಕ್ಷನ್ ಒಂದೇ. ಎರಡು ಹಾಕಿಸಿದರೆ ಮಂದಿ ಏನಂದಾರು, ಅಪ್ಪನ ಹೆಸರು ಕೆಟ್ಟೀತು ಎಂದರು. ಒರಳು ಒನಕೆ ಬೇರೆ ಮಾಡುವಾಗ ಅಪ್ಪನ ಹೆಸರು ಎಲ್ಲಿ ಹೋಗಿತ್ತೋ!

ನೆಟ್ಟಿನ ಡಬ್ಬಿಯನ್ನು ಮೊದಲು ಅಣ್ಣನ ಪಡಸಾಲೆಯಲ್ಲಿ ಇಟ್ಟರು. ಮನೆಯ ಮೂಲ ಗೋಡೆಗಳು ಹಳೆಯ ಮಣ್ಣಿನವು, ಎತ್ತು ಹಾಯ್ದರೂ ಜಗ್ಗದಂಥವು. ವೀರುವಿನ ಕಡೆ ಏನೂ ಮುಟ್ಟಲಿಲ್ಲ. ಕನೆಕ್ಷನ್ ಹಾಕುವ ಅಬ್ರಾರನನ್ನು ಮತ್ತೆ ಕರೆಸಿದರು.

"ಎರಡೂ ಕಡೆ ಮುಟ್ಟಬೇಕಂದ್ರ ನಡಬರಕ ಇಡಬೇಕ್ರಿ ಸಾವಕಾರ್ರ. ನಡಬರಕ ಯಾ ಕೋಲಿ ಐತ್ರಿ?" ಎಂದ ಅಬ್ರಾರ.

"ದೇವರ ಕೋಲಿ" ಎಂದ ವೀರು.

"ಹಂಗಾರ ಬ್ಯಾಡ ಬಿಡ್ರಿ."

"ಯಾಕ? ದೇವರು ಸುಮ್ನ ಕುಂತಿರ್ತಾನ. ಇದೂ ಸುಮ್ನ ಕುಂದರ್ತೈತಿ."

ಸಿದ್ದಲಿಂಗವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. "ವೀರು, ಮಿಂದು ಮಡಿಲೆ ಹೋಗೂ ಜಾಗಾ ಅದು."

"ವೈನಿ, ಇದು ವೈರ್ ಇಲ್ಲದ ನೆಟ್ಟರಿ. ಯಾರನ್ನೂ ಮುಟ್ಟೂದಿಲ್ಲ, ಯಾರ ಮೈಗೂ ಹತ್ತೂದಿಲ್ಲ. ಇದಕ್ಕಿಂತ ಮಡಿ ಮತ್ತ್ಯಾವದೈತ್ರಿ?"

ತಮ್ಮ ಹೌದೆಂದದ್ದಕ್ಕೆಲ್ಲ ಅಲ್ಲ ಎನ್ನುವ ಚನ್ನಬಸವಣ್ಣ ಅಂದು "ಖರೆ ಐತಿ" ಎಂದುಬಿಟ್ಟ. ಪಾಲಾದ ಮೇಲೆ ಅಣ್ಣತಮ್ಮಂದಿರು ಒಂದಾದದ್ದು ಅದೇ ಮೊದಲು. ಸಿದ್ದಲಿಂಗವ್ವನಿಗೆ ಅಲ್ಲೇ ಸಂಶಯ ಹುಟ್ಟಿತು.

ಅಬ್ರಾರ ಚಪ್ಪಲಿಯನ್ನು ರಸ್ತೆಯಲ್ಲೇ ಕಳಚಿ, ನಳದಲ್ಲಿ ಕಾಲು ತೊಳೆದು ಒಳಹೊಕ್ಕ. ಡಬ್ಬಿ ಕೂಡಿಸಿ, ಉದುರಿದ ಮಣ್ಣು ಒರೆಸಲು ಅರಿವೆ ಕೇಳಿದ. ಅವನ ಹಿಂದೆಯೇ ವೀರು ದವಡೆಯಲ್ಲಿ ಗುಟಕಾ ಇಟ್ಟುಕೊಂಡು ಹೊಕ್ಕ. ಸಿದ್ದಲಿಂಗವ್ವ ಎರಡನ್ನೂ ನೋಡಿದಳು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ವೀರು ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ನಿಂತ.

"ವೈನಿ, ಇನ್ನ ನಮ್ಮ ಪಾಳಿ ಅಲ್ರಿ? ಕೀಲಿಕೈ ಕೊಡ್ರಿ."

"ಇಷ್ಟ ವರ್ಷ ನೆನಪಾಗಿದ್ದಿಲ್ಲೇನ ನಿನಗ?"

"ಭಕ್ತಿ ಯಾವಾಗ ಬರ್ತೈತಿ ಅಂತ ಹೇಳಾಕ ಬರೂದಿಲ್ರಿ ವೈನಿ."

ಪಾಳಿ ಅವನದು, ಕೊಡದೆ ಗತಿಯಿಲ್ಲ. ಭಕ್ತಿ ಯಾಕೆ ಬಂತೆಂಬುದು ಅಂದು ಟೆಂಡರಿನ ಹೊತ್ತಿಗೆ ತಿಳಿಯಿತು. ಕೀಲಿಕೈ ಇದ್ದವನ ಕೈಯಲ್ಲಿ ಡಬ್ಬಿ. ಡಬ್ಬಿ ಇದ್ದವನು ಪಾಸ್‌ವರ್ಡಿನ ಯಜಮಾನ. ಅಣ್ಣನ ಕಂಪ್ಯೂಟರಿನಲ್ಲಿ ಬಿಳಿಯ ಚಕ್ರವೊಂದು ಗರಗರ ತಿರುಗುತ್ತ ಕುಳಿತಿತು, ತಮ್ಮ ಒಳ್ಳೆಯ ಮಾಲು ಹೊಡೆದುಕೊಂಡ. ಟೆಂಡರು ಮುಗಿದ ಮೇಲೆ ಬಾಗಿಲಿಗೆ ಬಂದ ಸುಶ್ಮಿತಾಳಿಗೆ ಹೊಸ ಪಾಸ್‌ವರ್ಡನ್ನು ಪ್ರಸಾದದಂತೆ ದಯಪಾಲಿಸಿದ. ಮರುದಿನ ಮತ್ತೆ ಬದಲಿ.

ಅದರ ಮುಂದಿನ ಅಮಾವಾಸ್ಯೆಗೆ ಚನ್ನಬಸವಣ್ಣನಿಗೂ ಭಕ್ತಿ ಬಂತು. ಟೊಂಕ ನೋವು ಹೇಳದೆ ಕೇಳದೆ ಹೋಯಿತು. ಕೀಲಿಕೈಯನ್ನು ತಮ್ಮನ ಕೈಯಿಂದ ತಾನೇ ಇಸಿದುಕೊಂಡ. ಎದುರು ಮನೆಯ ಗದಿಗೆವ್ವ ಕಟ್ಟೆಯ ಮೇಲೆ ಕುಳಿತು ಬೆರಗಾದಳು: "ಏನ ಭಕ್ತಿ ಬಂತವಾ ಅಣ್ಣತಮ್ಮಗ! ಇಡೀ ದಿನಾ ದೇವರ ಕೋಲಿ ಬಿಟ್ಟ ಹೊರಗ ಬರೂದಿಲ್ಲಲ್ಲ!"

ಹೊರಗೆ ಬರುವುದೆಂತು? ಸಿಗ್ನಲ್ಲು ಎಲ್ಲಕ್ಕಿಂತ ಜೋರಾಗಿ ಸಿಗುವುದು ಡಬ್ಬಿಯ ಬುಡದಲ್ಲೇ. ಪಾಳಿ ಇದ್ದವನು ಕುರ್ಚಿ ಹಾಕಿದ, ಪಾಳಿ ಇಲ್ಲದವನು ಬಾಗಿಲಲ್ಲಿ ಕಾವಲು ಕುಳಿತ. ಮಿರ್ಚಿ ಭಜಿಯ ಪೊಟ್ಟಣ ಜಗಲಿಯ ಮೇಲೆ ಬಂತು. ಎಣ್ಣೆಯ ಕೈ ಒರೆಸಿದ ಗುರುತು ಗೋಡೆಗೆ ಮೂಡಿತು. ಚನ್ನಬಸವಣ್ಣ ಕಾಲು ಚಾಚಿ ಹಿಮ್ಮಡಿಯನ್ನು ದೀಪದ ಪಕ್ಕಕ್ಕೆ ಇಡುತ್ತಿದ್ದ. ಭಜಿಯ ಚೂರಿಗೆ ಇರುವೆ, ಇರುವೆಗೆ ಹಲ್ಲಿ. ಬೆವರು, ಹುರಿದ ಎಣ್ಣೆ, ಊದುಬತ್ತಿ ಮೂರೂ ಕೂಡಿದ ಬೆಚ್ಚನೆಯ ನಾತ ಕಿಟಕಿಯಿಲ್ಲದ ಆ ಕೋಲಿಯಲ್ಲಿ ಹೆಪ್ಪುಗಟ್ಟಿತು. ಸಿದ್ದಲಿಂಗವ್ವ ನಸುಕಿನಲ್ಲಿ ಬಾಗಿಲ ತನಕ ಹೋಗಿ, ಸೆರಗು ಮೂಗಿಗೆ ಹಿಡಿದು, ತಿರುಗಿ ಬರುತ್ತಿದ್ದಳು. ಮಿಂದ ಮೈಯನ್ನು ಎಲ್ಲಿ ಕೂಡಿಸಬೇಕೋ ತಿಳಿಯದೆ ಒಲೆಯ ಮುಂದೆ ನಿಲ್ಲುತ್ತಿದ್ದಳು. ಅಷ್ಟರಲ್ಲಿ "ಚಹಾ ಆತೇನು?" ಎಂಬ ಕೂಗು.

ಸುನಿತಾಳ ಕಡತಗಳು ಪ್ರೆಸ್ಸಿಗೆ ಹೋಗದೆ ಅರ್ಧಕ್ಕೆ ನಿಲ್ಲತೊಡಗಿದವು. ಕೊನೆಗೆ ಆಕೆ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಾನೇ ಗದಗಿಗೆ ಹೊರಟಳು. "ಅಕ್ಕಾರ, ಇವರಿಬ್ಬರ ಪೂಜಿ ಸಲುವಾಗಿ ಮಂದಿ ಲಗ್ನ ನಿಂತಾವ್ರಿ" ಎಂದಳು.

ಸಿದ್ದಲಿಂಗವ್ವ ನಗಲಿಲ್ಲ. ಇನ್ನೂ ತಡೆದುಕೊಂಡಿದ್ದಳು.

ತಡೆ ಒಡೆದದ್ದು ವೀರುವಿನ ಪಾಳಿ ಮುಗಿಯುವ ಅಮಾವಾಸ್ಯೆಯ ಬೆಳಿಗ್ಗೆ. ಹಬ್ಬದ ದಿನ ದೀಪವನ್ನಾದರೂ ಹಚ್ಚಿ ಬರೋಣವೆಂದು ಧೈರ್ಯ ಮಾಡಿ ಒಳಗೆ ಕಾಲಿಟ್ಟಳು. ಗೂಡಿನಲ್ಲಿ ವೀರಭದ್ರನಿರಲಿಲ್ಲ. ಅವನ ಪೀಠದ ಮೇಲೆ ಡಬ್ಬಿ ಕುಳಿತು ಹಸಿರು ಕಣ್ಣು ಮಿಟುಕಿಸುತ್ತಿತ್ತು; ಎತ್ತರಕ್ಕಿಟ್ಟರೆ ಸಿಗ್ನಲ್ಲು ದೂರ ಹೋಗುತ್ತದೆಂದು ಯಾರಿಗೋ ಹೊಳೆದಿತ್ತು. ಬೆಳ್ಳಿಯ ಮುಖ ಕೆಳಗೆ ವೈರಿನ ಸಿಂಬೆಯ ಮೇಲೆ ಅಂಗಾತ ಬಿದ್ದಿತ್ತು. ಅದನ್ನೆತ್ತಿಕೊಂಡಳು. ತೊಳೆಯಲು ತೀರ್ಥದ ಬಟ್ಟಲಿಗೆ ಕೈ ಹಾಕಿದಳು.

ಬಟ್ಟಲಿನಲ್ಲಿ ಕೆಂಪಗೆ, ಗಟ್ಟಿಯಾಗಿ, ನೊರೆಯೊಣಗಿದ ಗುಟಕಾದ ಉಗುಳು. ಅದರಲ್ಲೊಂದು ಇರುವೆ ಇನ್ನೂ ಕಾಲಾಡಿಸುತ್ತಿತ್ತು.

ಆಕೆ ಬಚ್ಚಲಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದಳು. ಬಾಯಿ ಮುಕ್ಕಳಿಸಿ, ಬಟ್ಟಲನ್ನು ಎರಡು ಬೆರಳಿನಲ್ಲಿ ಹಿಡಿದು ತಂದು ಅಣ್ಣತಮ್ಮಂದಿರ ನಡುವೆ ಇಟ್ಟಳು.

"ಈ ಬಟ್ಟಲಾ ಯಾರದು?"

"ದೇವರದರಿ ವೈನಿ."

"ಒಳಗಿಂದು?"

ಚನ್ನಬಸವಣ್ಣ ತೊಲೆಯ ಕಡೆ ನೋಡಿದ. ವೀರು ನೆಲ ಕೆರೆದ. "ಟೆಂಡರ್ ಮುಗಿಯೂತನಕ ಏಳಾಕ ಬರ್ತಿದ್ದಿಲ್ರಿ... ಆಮ್ಯಾಲ ತೊಳದಿಡಬೇಕಂತ ಮಾಡಿದ್ನಿ."

"ಹೋಗ್ಲಿ ಬಿಡ. ತೊಳದ್ರ ಹೋಗ್ತೈತಿ" ಎಂದ ಗಂಡ.

"ತೊಳದ್ರ ಹೋಗೂದ ಯಾವದು, ಹೋಗಲಾರದ್ದ ಯಾವದು ನನಗ ಹೇಳಾಕ ಬರಬ್ಯಾಡ್ರಿ. ನನ್ನ ಜಲ್ಮಾನ ನಿಮ್ಮ ಮನಿ ತೊಳ್ಯೂದ್ರಾಗ ಹೋಗೇತಿ." ಮೈದುನನತ್ತ ತಿರುಗಿದಳು. "ಈ ಬಟ್ಟಲಾ ನೀನ ಇಟ್ಕೊ ವೀರು. ನಿನ್ನ ಪಾಲಿಗೆ ಬಂತು."

ಅಂದು ಸುನಿತಾಳೂ ಗದಗಿಗೆ ಹೋಗಲಿಲ್ಲ. ಇಬ್ಬರೂ ಹಿತ್ತಲ ಮೂಲೆಯ ಕಟ್ಟಿಗೆಯ ಕೋಲಿಯನ್ನು ಬರಿದು ಮಾಡಿ, ನೀರು ಸುರಿದು ತಿಕ್ಕಿ, ಸುಣ್ಣ ಬಳಿದರು. ಇಳಿಹೊತ್ತಿಗೆ ಸಿದ್ದಲಿಂಗವ್ವ ದೇವರನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಅಂಗಳ ದಾಟಿದಳು. ಕೈಮುಗಿಯಬೇಕೋ ತಡೆಯಬೇಕೋ ತಿಳಿಯದೆ ಅಣ್ಣತಮ್ಮಂದಿರು ಹಿಂದೆಯೇ ನಡೆದರು. ವೀರು ಮೊಬೈಲನ್ನು ಆರತಿಯಂತೆ ಮೇಲೆತ್ತಿ ಹಿಡಿದು ಹೊಸ ಕೋಲಿಯ ನಾಲ್ಕೂ ಮೂಲೆ ಸುತ್ತಿದ.

"ವೈನಿ, ಇಲ್ಲಿ ಒಂದ ಕಡ್ಡೀನೂ ಬರೂದಿಲ್ಲಲ್ರಿ!"

"ಗೊತ್ತೈತಿ. ಸುಶ್ಮಿತಾನ ಮೊಬೈಲ್ ಹಿಡಕೊಂಡು ಇಡೀ ಹಿತ್ತಲಾ ಅಡ್ಡಾಡಿ ನೋಡೇ ಇಲ್ಲಿ ತಂದೇನಿ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಈಗ ಹೇಳ್ರಿ. ಇವತ್ತಿನಿಂದ ಪಾಳಿ ಯಾರದು?"

ವೀರುವಿಗೆ ಫಕ್ಕನೆ ಸೀನು ಬಂತು. ಚನ್ನಬಸವಣ್ಣನ ಕೈ ತಾನಾಗಿ ಟೊಂಕಕ್ಕೆ ಹೋಯಿತು.

"ನೀವ ಮಾಡ್ರಲ್ಲ ವೈನಿ. ನಿಮ್ಮಂಗ ನಮಗೆಲ್ಲಿ ಮಾಡಾಕ ಬರ್ತೈತಿ" ಎಂದ ವೀರು. ಕಟ್ಟಿಗೆ ಕೋಲಿಯ ತುಕ್ಕು ಹಿಡಿದ ಕೀಲಿಕೈಯನ್ನು ಆಕೆ ಬೂದಿಯಲ್ಲಿ ತಿಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಳೆಯ ಕೋಲಿಯ ಜಗಳ ಇನ್ನೂ ಮುಗಿದಿಲ್ಲ. ಪೂಜೆ ಇಲ್ಲದಿದ್ದರೂ ಅಮಾವಾಸ್ಯೆಗೊಮ್ಮೆ ಕೀಲಿಕೈ ಬದಲಾಗುತ್ತದೆ, ಪಾಸ್‌ವರ್ಡು ದಿನಕ್ಕೊಮ್ಮೆ. ಸುನಿತಾಳ ಪೆನ್‌ಡ್ರೈವು ಸೆರಗಿನ ಗಂಟಿನಲ್ಲೇ ಗದಗಿಗೆ ಹೋಗಿ ಬರುತ್ತದೆ. ಮಹಾನವಮಿಗೆ ಅಣ್ಣತಮ್ಮಂದಿರು ತಕ್ಕಡಿಯ ಜೊತೆಗೆ ಡಬ್ಬಿಗೂ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕಾಯಿ ಒಡೆದರು. ಸಿದ್ದಲಿಂಗವ್ವ ಹಿತ್ತಲಿಗೆ ನೀರಿನ ಕೊಡ ಒಯ್ಯುತ್ತ ಹಳೆಯ ಕೋಲಿಯ ಬಾಗಿಲು ದಾಟುವಾಗ ಅದೇ ಬೆಚ್ಚನೆಯ ನಾತ ಮೂಗಿಗೆ ಬಡಿಯಿತು.

"ಹಬ್ಬದ ದಿನ ಹಂಗ ಹೋಗಬ್ಯಾಡ. ತಗೋ, ಪ್ರಸಾದ" ಎಂದು ಚನ್ನಬಸವಣ್ಣ ಕಾಯಿಯ ಹೋಳನ್ನು ಚಾಚಿದ. ಬೆಳ್ಳಗಿನ ಕೊಬ್ಬರಿಯ ಮೇಲೆ ಕರಿಯದೊಂದು ಹೆಬ್ಬೆರಳ ಗುರುತು.

"ಕೈ ತೊಳಕೊಂಡಿದ್ರಿ?"

ಅವನು ಹೋಳನ್ನು ತಿರುಗಿಸಿ ನೋಡಿದ. ಆಕೆ ಸೆರಗನ್ನು ಮೂಗಿಗೇರಿಸಿ, ಸೋರುವ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹಿತ್ತಲಿಗೆ ನಡೆದಳು. ಕಟ್ಟಿಗೆ ಕೋಲಿಯ ಒಳಗಿನಿಂದ ಅಗಳಿ ಹಾಕಿದ ಸಪ್ಪಳ ಕೇಳಿತು.