ಗುಳಿ ಮುಚ್ಚುವ ಕೆಂಪಣ್ಣನ ಗಾಲ್ಫ್

ಭೂಮಿಯನ್ನು ಹೆಡೆಯ ಮೇಲೆ ಹೊತ್ತ ಆದಿಶೇಷನಿಗೆ ಹಳೇಕೋಟೆ ಸೀಮೆಯಲ್ಲಿ ಒಬ್ಬ ಸಹಾಯಕನಿದ್ದ. ಭೂದೇವಿ ಎಲ್ಲೆಲ್ಲಿ ಬಾಯಿ ಬಿಡುತ್ತಾಳೋ ಅಲ್ಲಲ್ಲಿ ಬಾಯಿ ಮುಚ್ಚಿಸುವ ಹೊಣೆಯನ್ನು ಬ್ರಹ್ಮದೇವರು ಪಟೇಲ ಕೆಂಪಣ್ಣನ ಬಲಗಾಲಿಗೆ ವಹಿಸಿದ್ದರು. ಗುಳಿ ಕಂಡರೆ ಸಾಕು, ಆ ಕಾಲು ಯಜಮಾನನ ಅಪ್ಪಣೆಗೂ ಕಾಯದೆ ಮುಂದೆ ಹೋಗಿ ಮಣ್ಣು ತಳ್ಳಿ, ಮೆಟ್ಟಿ, ಸಮ ಮಾಡಿ ಬರುತ್ತಿತ್ತು. ಪಕ್ಕದವರು ತೆಂಗಿನ ಸಸಿಗೆ ತೋಡಿಟ್ಟ ಗುಣಿ, ಹುಡುಗರ ಗೋಲಿಯಾಟದ ಗುಳಿ, ಯಾವುದೂ ಅದರ ಪರಾಕ್ರಮದೆದುರು ಉಳಿಯಲಿಲ್ಲ. ಅವನ ಮದುವೆಯ ಚಪ್ಪರ ಧಾರೆಯ ಹೊತ್ತಿಗೆ ಒಂದು ಕಡೆ ವಾಲಿತ್ತಂತೆ. ಎರಡು ಕಂಬದ ಗುಳಿಗಳನ್ನು ಮದುಮಗನೇ ಮುಚ್ಚಿಬಿಟ್ಟಿದ್ದ. ಅವನ ಹೊಲದ ಇಲಿಗಳು ಸಂಸಾರ ಸಮೇತ ಅರಕಲಗೂಡಿಗೆ ವಲಸೆ ಹೋದವೆಂದೂ ಜನ ಹೇಳುತ್ತಿದ್ದರು.

ಇಂಥ ವೀರನಿಗೆ ತಕ್ಕ ಎದುರಾಳಿ ಮೂವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಬಂದ. ಕೆರೆ ರಿಪೇರಿಗೆಂದು ಬಂದು ಮೊಕ್ಕಾಂ ಹೂಡಿದ ಎಂಜಿನಿಯರ್ ಈಶ್ವರಯ್ಯ ಬೆಂಗಳೂರಿನಲ್ಲಿ ಗಾಲ್ಫ್ ಕಲಿತಿದ್ದವರು. ಬತ್ತಿದ ಕೆರೆಯನ್ನು ಕಂಡು ಊರೆಲ್ಲ ಮರುಗಿದರೆ ಅವರೊಬ್ಬರು ಮಾತ್ರ ಕುಣಿದರು. "ಅರಬ್ಬೀ ದೇಶದ ಮರಳುಗಾಡಿನಲ್ಲೂ ದೊರೆಗಳು ಹೀಗೇ ಆಡ್ತಾರೆ!" ಎಂದು ಕೆರೆಯಂಗಳದ ಉದ್ದಕ್ಕೂ ಒಂಬತ್ತು ಗುಳಿ ತೋಡಿಸಿ, ಒಂದೊಂದಕ್ಕೂ ಬಾವುಟ ನೆಡಿಸಿದರು.

ಮಾರನೆಯ ಬೆಳಗ್ಗೆ ಎತ್ತು ಹೊಡೆದುಕೊಂಡು ಬಂದ ಕೆಂಪಣ್ಣ ಅವುಗಳನ್ನು ಕಂಡ. ಮುಂದಿನದನ್ನು ಹೇಳಬೇಕಾಗಿಲ್ಲ. ಬಾವುಟಗಳನ್ನು ಕಿತ್ತು ಏರಿಯ ಬುಡದಲ್ಲಿ ಒಪ್ಪವಾಗಿ ಜೋಡಿಸಿ, ಒಂಬತ್ತನ್ನೂ ಮುಚ್ಚಿ, ಪುಣ್ಯದ ಕೆಲಸವಾಯಿತೆಂದು ಮನೆಗೆ ಹೋದ. ಆಮೇಲೆ ಬಂದ ಎಂಜಿನಿಯರರ ಜವಾನ ಪಾಲಾಕ್ಷನಿಗೆ ಬಾವುಟದ ಹೊರೆ ಸಿಕ್ಕಿತೇ ಹೊರತು ಒಂದೂ ಗುಳಿ ಸಿಗಲಿಲ್ಲ. ಕೆಲಸ ಹೋದೀತೆಂದು ಹೆದರಿ, ಅಂದಾಜಿನ ಮೇಲೆ ಬಾವುಟಗಳನ್ನು ಅಲ್ಲಲ್ಲಿ ಚುಚ್ಚಿದ.

ಅಂದೇ ಮಧ್ಯಾಹ್ನ ಕೆಂಪಣ್ಣ ಜರಿಪೇಟ ಸುತ್ತಿ, ವೀಳ್ಯದೆಲೆಯ ಕಟ್ಟು ಹಿಡಿದು ಹರದನಹಳ್ಳಿಗೆ ಹೊರಟಿದ್ದ. ತಂಗಿ ದೊಡ್ಡತಾಯಮ್ಮನ ಮಗಳಿಗೆ ಮದುವೆ ಗೊತ್ತುಮಾಡುವ ಒಪ್ಪಂದದ ವೀಳ್ಯ. ಮಲ್ಲಿಪಟ್ಟಣದಿಂದ ಗಂಡಿನವರು ಬಂದಿದ್ದರು. ಹೊತ್ತು ಮುಳುಗುವುದರೊಳಗೆ ಸೋದರಮಾವನ ಕೈಯಿಂದಲೇ ವೀಳ್ಯ ಆಗಬೇಕು. ನಾಳೆ ಅಮಾವಾಸ್ಯೆ. ಅದು ಕಳೆದರೆ ಜ್ಯೇಷ್ಠ. ಹುಡುಗ ಹುಡುಗಿ ಇಬ್ಬರೂ ಚೊಚ್ಚಲು, ಆ ತಿಂಗಳು ಕೂಡದು. ಆಮೇಲೆ ಆಷಾಢ. ಅಷ್ಟು ದಿನ ಕಾಯುವ ಗಂಡು ಅದಲ್ಲ.

ಕೆರೆಯಂಗಳದ ನಡುವೆ ಈಶ್ವರಯ್ಯ ಕೈ ಬೀಸಿದರು.

"ಪಟೇಲರೇ, ಒಳ್ಳೇ ಹೊತ್ತಿಗೆ ಬಂದ್ರಿ! ನನ್ನ ಜೊತೆಯವರು ಜ್ವರ ಅಂತ ಹಾಸನಕ್ಕೆ ಹೋದರು. ಒಬ್ಬನೇ ಆಡಿದರೆ ಗೆದ್ದದ್ದು ಯಾರಿಗೆ ಗೊತ್ತಾಗಬೇಕು? ಹಿಡೀರಿ ಕೋಲು."

"ತಂಗಿ ಮನೇಗೆ ಓಗ್ಬೇಕು ಬುದ್ಧಿ. ಸೊಸೆಗೆ ವೀಳ್ಯ. ಸ್ವಾದರಮಾವ ನಾನೇಯ."

"ಒಂಬತ್ತೇ ಗುಳಿ. ಎಲೆ ಬಾಡೋದರೊಳಗೆ ಮುಗಿಯುತ್ತೆ."

ಗುಳಿ ಎಂದೊಡನೆ, ಬೆಳಗ್ಗೆ ತಾನು ಮುಚ್ಚಿದ್ದು ಇವನ್ನೇ ಎಂದು ಕೆಂಪಣ್ಣನಿಗೆ ಹೊಳೆಯಿತು. ಊರಿನ ತೂಬಿನ ರಿಪೇರಿ ಈ ಮನುಷ್ಯನ ಮರ್ಜಿಯಲ್ಲಿತ್ತು. ಮುಚ್ಚಿದವನು ತಾನೆಂದು ಹೇಳುವಂತಿಲ್ಲ, ಆಡಲಾರೆನೆಂದು ಹೋಗುವಂತಿಲ್ಲ. ಕೋಲು ಹಿಡಿದ.

ಸೌದೆ ಸೀಳುವವನಂತೆ ಬೀಸಿ ಬೀಸಿ ಹೇಗೋ ಚೆಂಡನ್ನು ಮೊದಲ ಬಾವುಟದ ಬುಡಕ್ಕೆ ಮುಟ್ಟಿಸಿದ. ಅಲ್ಲಿ ಗುಳಿಯಿಲ್ಲ.

"ಎಲ್ಲಯ್ಯಾ ಗುಳಿ?"

"ಗಾಳಿ ಸಾ," ಎಂದ ಪಾಲಾಕ್ಷ. "ರಾತ್ರಿ ಎಂಥಾ ಗಾಳಿ ಅಂತೀರಾ! ಎಲ್ಲಾ ಮುಚ್ಕೊಂಬುಟ್ಟೈತೆ." ಹಾಗೆನ್ನುತ್ತ ಕೆಂಪಣ್ಣನ ಬಲಗಾಲನ್ನೇ ನೋಡಿದ.

"ಹುಡುಕಿ. ಚೆಂಡು ಗುಳಿಗೆ ಬೀಳದೆ ಆಟ ಮುಗಿಯೋದಿಲ್ಲ, ಆಟ ಮುಗಿಯದೆ ಯಾರೂ ಹೋಗೋಹಾಗಿಲ್ಲ. ಅದು ಕಾನೂನು."

ತಾನೇ ಹೂಡಿದ ಚಕ್ರವ್ಯೂಹದಲ್ಲಿ ತಾನೇ ಅಭಿಮನ್ಯುವಾದವನು ಈ ಭೂಮಂಡಲದಲ್ಲಿ ಕೆಂಪಣ್ಣನೊಬ್ಬನೇ ಇರಬೇಕು. ಮಂಡಿಯೂರಿ ನೆಲ ತಟ್ಟಿದ, ಕಿವಿಯಿಟ್ಟು ಆಲಿಸಿದ. ತನ್ನ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂಬುದು ಅವನಿಗೇ ಆಗ ತಿಳಿದದ್ದು. ಮೊದಲ ಬಾವುಟ ಬಿಟ್ಟು ಎರಡನೆಯದಕ್ಕೆ ಹೋದರು, ಅಲ್ಲೂ ಇಲ್ಲ. ಏರಿಯ ನೆರಳು ಕೆರೆಯೊಳಕ್ಕೆ ಉದ್ದವಾಗುತ್ತಿತ್ತು. ಅತ್ತ ಹರದನಹಳ್ಳಿಯಲ್ಲಿ ಗಂಡಿನವರು ಚಾಪೆಯ ಮೇಲೆ ಕೆಮ್ಮತೊಡಗಿರಬೇಕು.

ಮೂರನೆಯ ಬಾವುಟಕ್ಕೆ ಹೊಡೆದ ಚೆಂಡು ಊರವರು ಹೊಲಕ್ಕೆಂದು ಗೋಡು ಮಣ್ಣು ತೆಗೆದ ಹಳ್ಳಕ್ಕೆ ಬಿತ್ತು. ಕೆಂಪಣ್ಣನೂ ಇಳಿದ. ಹೊಡೆದ, ಮಣ್ಣೆಲ್ಲ ಎದ್ದು ಜರಿಪೇಟದ ಮೇಲೆ ಕೂತಿತು, ಚೆಂಡು ಮಾತ್ರ ಅಲ್ಲಾಡಲಿಲ್ಲ. ಮತ್ತೆ ಹೊಡೆದ. ಸೊಂಟದವರೆಗೆ ಹಳ್ಳ, ಮೇಲೆ ಎಂಜಿನಿಯರ್, ಅವರಾಚೆ ಇಳಿಯುತ್ತಿರುವ ಸೂರ್ಯ. ಯೋಚನೆ ತಂಗಿಯ ಮನೆಯ ಕಡೆ ಹೋಯಿತು; ಕಾಲು ತನ್ನ ಹಳೆಯ ಕಸುಬಿಗೆ ಹೋಯಿತು.

"ಪಟೇಲರೇ, ಚೆಂಡೆಲ್ಲಿ?"

ಕೆಂಪಣ್ಣ ಬಗ್ಗಿ ನೋಡಿದ. ಚೆಂಡಿದ್ದ ಜಾಗ ಸೆಗಣಿ ಸಾರಿಸಿದ ಅಂಗಳದಂತೆ ಸಮವಾಗಿತ್ತು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ತಪ್ಪಾಯ್ತು ಬುದ್ಧಿ. ಇದ್ನೂ ನಾನೇ ಮುಚ್ದೆ, ಅವ್ನೂ ನಾನೇ ಮುಚ್ದೆ. ದನದ ಕಾಲ್ ಸಿಕ್ಕಾಕ್ಕಂಡಾತು ಅಂತ. ತೂಬ್ ಮಾತ್ರ ನಿಲ್ಲಿಸ್ಬ್ಯಾಡಿ."

"ಒಂಬತ್ತೂ?"

"ಊಂ ಬುದ್ಧಿ."

ಈಶ್ವರಯ್ಯ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ತೂಬಿಗೂ ಇದಕ್ಕೂ ಏನು ಸಂಬಂಧ? ಒಂಬತ್ತನ್ನೂ ತೋಡಿ, ಹೊರಡಿ."

ಪಾಲಾಕ್ಷ ಹಾರೆ ತಂದುಕೊಟ್ಟ. "ತಕಳಿ ಗೌಡ್ರೆ. ಬಾವುಟ ಎಲ್ಲೈತೋ ಅಲ್ಲೇ ತೋಡಿ. ಗಾಳಿ ಮಾಡಿದ್ ಪಾಪ, ನೀವ್ ತೊಳೀರಿ."

ಹುಟ್ಟಿದಾರಭ್ಯ ಮುಚ್ಚಿದವನು ಅಂದು ತೋಡಿದ. ಮಣ್ಣು ಮೇಲೆ ಬಂದಷ್ಟೂ ಬಲಗಾಲು ಅದನ್ನು ಹಿಂದಕ್ಕೆ ತಳ್ಳಲು ಹವಣಿಸುತ್ತಿತ್ತು. ಎಡಗಾಲಿನಿಂದ ಅದನ್ನು ಮೆಟ್ಟಿ ಹಿಡಿದುಕೊಂಡು ಒಂಬತ್ತನ್ನೂ ಮುಗಿಸಿದ. ತಿರುಗಿ ನೋಡಿದರೆ ಕೆಟ್ಟೆನೆಂದು ಓಡಿದ.

ಹರದನಹಳ್ಳಿಯಲ್ಲಿ ಗಂಡಿನವರು ಮೆಟ್ಟು ಹಾಕಿಕೊಂಡು ಅಂಗಳಕ್ಕಿಳಿದಿದ್ದರು. ಬಾಗಿಲಲ್ಲಿ ಮಣ್ಣಿನ ಮೂರ್ತಿಯೊಂದು ನಿಂತು ಏದುಸಿರು ಬಿಡುತ್ತಿತ್ತು. ಗಂಡಿನ ದೊಡ್ಡಪ್ಪ ತಮ್ಮಯ್ಯ ಹುಬ್ಬಿಗೆ ಕೈಯಿಟ್ಟು ಪಡುವಣ ನೋಡಿದ. "ಇನ್ನೂ ಒಂಚೂರು ಕಾಣ್ತದೆ. ಬಿರ್ರನೆ ಕೊಡಪ್ಪ."

ಬಾಡಿದ ಎಲೆ ಕೈಯಿಂದ ಕೈಗೆ ಹೋಯಿತು, ಸೂರ್ಯ ಮುಳುಗಿದ. ದೊಡ್ಡತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಣ್ಣನ ಮೇಲೆ ಬಿದ್ದಳು.

"ನನ್ ಮಗಳ ಬಾಳು ನೀರಾಗೋಯ್ತಿತ್ತಲ್ಲೋ ಅಣ್ಣ! ಮೈಸೂರ್ ಸೀಮೇನೇ ಉದ್ಧಾರ ಮಾಡೋ ಅಂಥ ಕೆಲ್ಸ ಏನಿತ್ತು ನಿಂಗೆ?"

"ಗುಳಿ ತೋಡ್ತಿದ್ದೆ ಕಣವ್ವ," ಎಂದ ಕೆಂಪಣ್ಣ.